ಕಣ್ಣಿಗೆ ಬೀಳದ್ದನ್ನೂ ಎಣಿಸುವುದು ಹೇಗೆ? ತೋಟ, ಬಯಲು, ಹಕ್ಕಿಗೂಡುಗಳ ಲೆಕ್ಕಕ್ಕೊಂದು ಮಾರ್ಗದರ್ಶಿ

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹುಣಸೆ ಮರದ ಕೆಳಗೆ ನಿಂತು ಗೂಡು ಎಣಿಸಿದರೆ ನಿಮಗೆ ಒಂದು ಸಂಖ್ಯೆ ಸಿಗುತ್ತದೆ. ಪಕ್ಕದಲ್ಲಿ ನಿಂತ ಗೆಳೆಯರಿಗೆ ಬೇರೆ ಸಂಖ್ಯೆ ಸಿಗುತ್ತದೆ. ಇಬ್ಬರ ಲೆಕ್ಕದಲ್ಲೂ ಮೋಸ ಇಲ್ಲ. ಎಲೆಯ ಮರೆಯಲ್ಲಿದ್ದ ಗೂಡು ಒಬ್ಬರಿಗೆ ಕಂಡಿದೆ, ಇನ್ನೊಬ್ಬರಿಗೆ ಕಂಡಿಲ್ಲ, ಅಷ್ಟೇ. ಹಾಗಾದರೆ ಇಬ್ಬರಿಗೂ ಕಾಣದ ಗೂಡುಗಳೂ ಇರಬೇಕು ಅಲ್ವಾ? ಅವು ಎಷ್ಟು?

ಪ್ರಾಣಿ, ಪಕ್ಷಿ, ಗಿಡಗಳನ್ನು ಅಧ್ಯಯನ ಮಾಡುವವರಿಗೆ ಗಣಿತ ಬೇಕಾಗುವುದು ಮುಖ್ಯವಾಗಿ ಇಲ್ಲೇ. ಕಂಡದ್ದನ್ನು ಎಣಿಸಲು ಬೆರಳು ಸಾಕು. ಕಾಣದೆ ಉಳಿದದ್ದನ್ನು ಅಂದಾಜು ಮಾಡಲು, ಆ ಅಂದಾಜು ಎಷ್ಟರ ಮಟ್ಟಿಗೆ ತಪ್ಪಿರಬಹುದು ಎಂದು ಹೇಳಲು ಗಣಿತ ಬೇಕು. ಅದು ಕಷ್ಟದ ಗಣಿತವೇನೂ ಅಲ್ಲ. ಗುಣಾಕಾರ, ಭಾಗಾಕಾರ, ಸರಾಸರಿ, ವರ್ಗಮೂಲ ಗೊತ್ತಿದ್ದರೆ ಈ ಲೇಖನದಲ್ಲಿರುವ ಎಲ್ಲವನ್ನೂ ಮಾಡಬಹುದು. ಶಾಲೆಯ ಮಕ್ಕಳ ಜೊತೆಗೂ ಮಾಡಬಹುದು, ತೋಟದವರು ತಮ್ಮ ಕೆಲಸಕ್ಕೂ ಬಳಸಬಹುದು.

ಬೇಕಾಗುವ ಸಾಮಾನು ಇಷ್ಟು: ಒಂದು ನೋಟ್‌ಬುಕ್, ಪೆನ್ಸಿಲ್ (ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ), ಗಡಿಯಾರ, ಅಳತೆ ಟೇಪು, ನಾಲ್ಕು ಕೋಲು, ಕ್ಯಾಲ್ಕುಲೇಟರ್ ಇರುವ ಫೋನು. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಕೆಳಗೆ ಲೆಕ್ಕ ತೋರಿಸಲು ಕೊಟ್ಟಿರುವ ಎಣಿಕೆಗಳು ಉದಾಹರಣೆಗೆಂದು ನಾನೇ ಹಾಕಿಕೊಂಡವು. ನಿಮ್ಮ ಜಾಗದ ಎಣಿಕೆ ಬೇರೆಯೇ ಇರುತ್ತದೆ.

ಮೊದಲು ಪ್ರಶ್ನೆ ಬರೆದುಕೊಳ್ಳಿ

"ನಮ್ಮೂರಿನ ಹಕ್ಕಿಗಳನ್ನು ಅಧ್ಯಯನ ಮಾಡಬೇಕು" ಎನ್ನುವುದು ಆಸೆ. ಅದನ್ನು ಪ್ರಶ್ನೆ ಮಾಡಬೇಕು. "ಈ ಮರದಲ್ಲಿ ಎಷ್ಟು ಗೂಡಿವೆ?", "ಹಸುವಿನ ಪಕ್ಕ ಇರುವ ಬೆಳ್ಳಕ್ಕಿಗೆ ಒಂಟಿ ಬೆಳ್ಳಕ್ಕಿಗಿಂತ ಜಾಸ್ತಿ ಹುಳ ಸಿಗುತ್ತದಾ?" ಇವು ಪ್ರಶ್ನೆಗಳು. ಉತ್ತರ ಒಂದು ಸಂಖ್ಯೆಯಾಗಿ ಬರಬೇಕು, ಇಲ್ಲವೇ ಎರಡು ಸಂಖ್ಯೆಗಳ ಹೋಲಿಕೆಯಾಗಿ ಬರಬೇಕು. ಪ್ರಶ್ನೆಯನ್ನು ತಾರೀಖು ಹಾಕಿ ಮೊದಲ ಪುಟದಲ್ಲೇ ಬರೆಯಿರಿ. ಮಾಹಿತಿ ಸೇರಿಸಿದ ಮೇಲೆ ಪ್ರಶ್ನೆ ಬದಲಾಯಿಸಿದರೆ, ಸುಮ್ನೆ ಆಕಸ್ಮಿಕವಾಗಿ ಬಂದ ವ್ಯತ್ಯಾಸವೂ ದೊಡ್ಡ ಶೋಧದಂತೆ ಕಾಣುತ್ತದೆ.

ಇಬ್ಬರು ಎಣಿಸಿ, ಮೂರನೆಯದನ್ನು ಕಂಡುಹಿಡಿಯಿರಿ

ಗೂಡಿನ ಪ್ರಶ್ನೆಯಿಂದಲೇ ಶುರು ಮಾಡೋಣ. ಇದರಲ್ಲಿ ಯಾವ ಪ್ರಾಣಿಯನ್ನೂ ಮುಟ್ಟಬೇಕಾಗಿಲ್ಲ. ಕೊಕ್ಕರೆಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ನಿಮ್ಮೂರಿನಲ್ಲಿ ಬೆಳ್ಳಕ್ಕಿ, ನೀರುಕಾಗೆ, ಕಾಗೆ ಯಾವುದರ ಗೂಡಾದರೂ ಆದೀತು.

ಮರದ ಒಂದು ಫೋಟೊ ತೆಗೆದು ಎರಡು ಪ್ರತಿ ಮುದ್ರಿಸಿಕೊಳ್ಳಿ. ಇಬ್ಬರೂ ಒಂದೇ ಜಾಗದಲ್ಲಿ, ಅಕ್ಕಪಕ್ಕ ನಿಲ್ಲಿ. ಆದರೆ ಮಾತಾಡಬೇಡಿ, ಕೈ ತೋರಿಸಬೇಡಿ. ಹತ್ತು ನಿಮಿಷ ಇಬ್ಬರೂ ಬೇರೆ ಬೇರೆಯಾಗಿ ನೋಡಿ, ಕಂಡ ಪ್ರತಿ ಗೂಡನ್ನೂ ತಮ್ಮ ತಮ್ಮ ಫೋಟೊ ಮೇಲೆ ಗುರುತು ಹಾಕಬೇಕು. ಆಮೇಲೆ ಎರಡು ಹಾಳೆಗಳನ್ನು ಜೊತೆಗಿಟ್ಟು ನೋಡಿ.

ಮೊದಲನೆಯವರಿಗೆ 30 ಗೂಡು ಕಂಡಿವೆ ಎಂದುಕೊಳ್ಳಿ. ಎರಡನೆಯವರಿಗೆ 24. ಇಬ್ಬರಿಗೂ ಕಂಡವು 20. ಈಗ ಎರಡನೆಯವರು ನೋಡಿದ 24 ಗೂಡುಗಳಲ್ಲಿ 20 ಮೊದಲನೆಯವರಿಗೂ ಕಂಡಿವೆ. ಅಂದರೆ ಮೊದಲನೆಯವರ ಕಣ್ಣು ಆರು ಗೂಡಿಗೆ ಐದನ್ನು ಹಿಡಿಯುತ್ತದೆ. ಹಾಗಿದ್ದರೆ ಅವರು ಕಂಡ 30 ಎನ್ನುವುದು ಇಡೀ ಮರದ ಆರರಲ್ಲಿ ಐದು ಭಾಗ. ಇಡೀ ಮರದಲ್ಲಿ 36 ಇರಬೇಕು. ಸೂತ್ರವಾಗಿ ಬರೆದರೆ:

ಒಟ್ಟು = ಒಬ್ಬರು ಕಂಡದ್ದು × ಇನ್ನೊಬ್ಬರು ಕಂಡದ್ದು ÷ ಇಬ್ಬರೂ ಕಂಡದ್ದು

30 × 24 ÷ 20 = 36. ಇಬ್ಬರ ಹಾಳೆ ಸೇರಿಸಿದರೆ ಬೇರೆ ಬೇರೆ ಗೂಡುಗಳು 34 (30 + 24 − 20). ಆದ್ದರಿಂದ ಇಬ್ಬರಿಗೂ ಕಾಣದ ಗೂಡು ಸುಮಾರು 2. ಯಾರೂ ನೋಡದ ಎರಡು ಗೂಡುಗಳನ್ನು ಒಂದು ಗುಣಾಕಾರ, ಒಂದು ಭಾಗಾಕಾರದಲ್ಲಿ ಹಿಡಿದಂತಾಯಿತು. ನನಗೆ ಈ ಲೆಕ್ಕ ಎಷ್ಟು ಸಲ ಮಾಡಿದರೂ ಖುಷಿ ಕೊಡುತ್ತದೆ.

ಒಂದು ಷರತ್ತು ಇದೆ. ಒಬ್ಬರು ನೋಡಿದ್ದು ಇನ್ನೊಬ್ಬರ ಮೇಲೆ ಪ್ರಭಾವ ಬೀರಬಾರದು. "ಅಲ್ನೋಡು, ಅಲ್ಲೊಂದಿದೆ" ಎಂದರೆ ಲೆಕ್ಕ ಕೆಟ್ಟಿತು. ಇಬ್ಬರೂ ಕಂಡದ್ದು ಸುಳ್ಳಾಗಿ ಹೆಚ್ಚುತ್ತದೆ, ಒಟ್ಟು ಅಂದಾಜು ಕಡಿಮೆಯಾಗುತ್ತದೆ. ಒಂದು ದಿಕ್ಕಿನಿಂದ ಯಾರಿಗೂ ಕಾಣಲು ಸಾಧ್ಯವೇ ಇಲ್ಲದ ಗೂಡುಗಳೂ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ಮರದ ಆ ಬದಿಯಿಂದ ಇನ್ನೊಮ್ಮೆ ಎಣಿಸಬೇಕು. ಕೊಂಬೆ ಅಲುಗಿಸುವುದು, ಗೂಡಿನ ಹತ್ತಿರ ಹೋಗುವುದು ಬೇಡವೇ ಬೇಡ. ಹೆದರಿ ಎದ್ದ ತಾಯಿ ಹಕ್ಕಿಯ ಮರಿಗಳಿಗೆ ಬಿಸಿಲು ಬಡಿಯುತ್ತದೆ, ಕಾಗೆ ಬರುತ್ತದೆ.

ಬಸವನಹುಳುವಿಗೆ ಬಣ್ಣದ ಚುಕ್ಕೆ

ಗೂಡು ಇದ್ದಲ್ಲೇ ಇರುತ್ತದೆ. ಓಡಾಡುವ ಜೀವಿಗಳನ್ನು ಎಣಿಸುವುದು ಹೇಗೆ? ಇಬ್ಬರು ನೋಡುವ ಬದಲು ಎರಡು ಸಲ ನೋಡಬೇಕು. ಮೊದಲ ಸಲ ಗುರುತು ಹಾಕಿ ಬಿಡಬೇಕು, ಎರಡನೇ ಸಲ ಗುರುತಿದ್ದವು ಎಷ್ಟು ಸಿಕ್ಕವು ಎಂದು ನೋಡಬೇಕು. ಲೆಕ್ಕ ಅದೇ. ಡೆನ್ಮಾರ್ಕಿನ ಪೀಟರ್ಸನ್ 1890ರ ದಶಕದಲ್ಲಿ ಮೀನುಗಳ ಮೇಲೆ, ಅಮೆರಿಕದ ಲಿಂಕನ್ 1930ರಲ್ಲಿ ಬಾತುಗಳ ಮೇಲೆ ಈ ದಾರಿ ಹಿಡಿದರು. ಅವರಿಬ್ಬರ ಹೆಸರಿನಿಂದಲೇ ಈ ವಿಧಾನವನ್ನು ಕರೆಯುತ್ತಾರೆ. ಇದಕ್ಕೂ ಮೊದಲು ಲಾಪ್ಲಾಸ್ ಎಂಬ ಗಣಿತಜ್ಞ ಇಂಥದ್ದೇ ತರ್ಕದಿಂದ ಫ್ರಾನ್ಸಿನ ಜನಸಂಖ್ಯೆ ಅಂದಾಜು ಮಾಡಿದ್ದರು.

ನಮ್ಮಲ್ಲಿ ಇದನ್ನು ಕಲಿಯಲು ಅತಿ ಒಳ್ಳೆಯ ಜೀವಿ ಆಫ್ರಿಕನ್ ದೈತ್ಯ ಬಸವನಹುಳು. ಹೊರಗಿನಿಂದ ಬಂದು ಅಡಿಕೆ, ಕಾಫಿ, ಬಾಳೆ ತೋಟಗಳಲ್ಲಿ, ತರಕಾರಿ ಮಡಿಗಳಲ್ಲಿ ಕಾಟ ಕೊಡುತ್ತಿರುವ ಪಿಡುಗು ಇದು. ನಿಧಾನವಾಗಿ ಚಲಿಸುತ್ತದೆ, ಮಳೆಗಾಲದ ರಾತ್ರಿ ಸುಲಭವಾಗಿ ಸಿಗುತ್ತದೆ, ಚಿಪ್ಪಿನ ಮೇಲೆ ಬಣ್ಣ ನಿಲ್ಲುತ್ತದೆ. ಜೊತೆಗೆ ಇದರ ಎಣಿಕೆ ತೋಟದವರಿಗೆ ನಿಜವಾಗಿ ಬೇಕಾದದ್ದು. ಎಷ್ಟಿವೆ ಎಂದು ಗೊತ್ತಿಲ್ಲದೆ ಹೆಕ್ಕಿದರೆ, ಕಡಿಮೆಯಾಯಿತೋ ಇಲ್ಲವೋ ಎಂದು ಹೇಳುವುದು ಹೇಗೆ?

ಒಂದು ಮಾತು ಮೊದಲೇ ಹೇಳಬೇಕು. ಈ ಹುಳುವಿನಲ್ಲಿ ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿ ಇರಬಹುದು. ಕೈಗವಸು ಇಲ್ಲದೆ ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಚಿಕ್ಕ ಮಕ್ಕಳು ಬರೆದುಕೊಳ್ಳುವ ಕೆಲಸ ಮಾಡಲಿ.

ತೋಟದಲ್ಲಿ ಒಂದು ಭಾಗ ಆರಿಸಿಕೊಂಡು ಗಡಿ ಗುರುತು ಮಾಡಿ. ಮಳೆ ಬಂದು ನಿಂತ ರಾತ್ರಿ ಟಾರ್ಚ್ ಹಿಡಿದು ಒಂದು ಗಂಟೆ ಹುಡುಕಿ. ಸಿಕ್ಕ ಪ್ರತಿ ಹುಳುವಿನ ಚಿಪ್ಪನ್ನು ಬಟ್ಟೆಯಿಂದ ಒರೆಸಿ, ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಡಿ. ಚಿಪ್ಪಿನ ಬಾಯಂಚಿನ ಹತ್ತಿರ ಬೇಡ, ಬೆನ್ನಿನ ಮೇಲಿರಲಿ. ಒಣಗಿದ ಮೇಲೆ ಸಿಕ್ಕ ಜಾಗದಲ್ಲೇ ಬಿಡಿ. ಪಿಡುಗನ್ನು ವಾಪಸ್ ಬಿಡುವುದು ಕೆಲವರಿಗೆ ಹಿಡಿಸುವುದಿಲ್ಲ, ಆದರೆ ಎರಡು ಮೂರು ರಾತ್ರಿಯ ಮಾತು. ಗುರುತಿನವು ಉಳಿದವುಗಳ ಜೊತೆ ಬೆರೆಯಲು ಅಷ್ಟು ಸಮಯ ಬೇಕು. ನಂತರ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅಷ್ಟೇ ಹೊತ್ತು ಮತ್ತೆ ಹುಡುಕಿ.

ಮೊದಲ ರಾತ್ರಿ 48ಕ್ಕೆ ಚುಕ್ಕೆ ಹಾಕಿದಿರಿ. ಎರಡನೇ ಸಲ 60 ಸಿಕ್ಕವು, ಅದರಲ್ಲಿ 12ಕ್ಕೆ ಚುಕ್ಕೆ ಇತ್ತು. 48 × 60 ÷ 12 = 240. ಎಣಿಕೆ ಚಿಕ್ಕದಿದ್ದಾಗ ಈ ಸೂತ್ರ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಅದಕ್ಕೆ ಸಂಖ್ಯಾಶಾಸ್ತ್ರಜ್ಞ ಚಾಪ್‌ಮನ್ 1951ರಲ್ಲಿ ಒಂದು ತಿದ್ದುಪಡಿ ಕೊಟ್ಟರು. ಮೂರೂ ಸಂಖ್ಯೆಗೆ ಒಂದೊಂದು ಸೇರಿಸಿ ಲೆಕ್ಕ ಮಾಡಿ, ಕೊನೆಗೆ ಒಂದು ಕಳೆಯಬೇಕು: 49 × 61 ÷ 13 − 1 = ಸುಮಾರು 229.

ಇಲ್ಲಿಗೇ ನಿಲ್ಲಬೇಡಿ. 229 ಎನ್ನುವುದು ಅರ್ಧ ಉತ್ತರ. ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದು ಇನ್ನರ್ಧ. ಅದನ್ನು ಹೀಗೆ ಲೆಕ್ಕ ಹಾಕಿ. ಮೇಲಿನ 49, 61 ಇವನ್ನು ಗುಣಿಸಿ. ಅದನ್ನು ಮೊದಲ ರಾತ್ರಿಯ ಎಣಿಕೆಯಿಂದ ಚುಕ್ಕೆಯವನ್ನು ಕಳೆದು ಬಂದದ್ದು (48 − 12 = 36), ಎರಡನೇ ಸಲದ ಎಣಿಕೆಯಿಂದ ಚುಕ್ಕೆಯವನ್ನು ಕಳೆದು ಬಂದದ್ದು (60 − 12 = 48) ಎರಡರಿಂದಲೂ ಗುಣಿಸಿ. ಇದನ್ನು 13 × 13 × 14ರಿಂದ ಭಾಗಿಸಿ. ಇಲ್ಲಿ 13 ಎಂದರೆ ಚುಕ್ಕೆಯವು ಮತ್ತು ಒಂದು, 14 ಎಂದರೆ ಚುಕ್ಕೆಯವು ಮತ್ತು ಎರಡು. ಸುಮಾರು 2,183 ಬರುತ್ತದೆ. ಇದರ ವರ್ಗಮೂಲ 47. ಅದರ ಎರಡರಷ್ಟನ್ನು 229ರ ಎರಡೂ ಕಡೆ ಇಟ್ಟರೆ 135ರಿಂದ 323. ಹುಳುಗಳ ನಿಜವಾದ ಸಂಖ್ಯೆ ಈ ಹರವಿನೊಳಗೆ ಎಲ್ಲೋ ಇದೆ ಎಂದು ಸುಮಾರು ನೂರಕ್ಕೆ 95 ಪಾಲು ಧೈರ್ಯದಿಂದ ಹೇಳಬಹುದು.

ಹರವು ಬಹಳ ದೊಡ್ಡದಾಯಿತು ಎನಿಸಬಹುದು. ಚುಕ್ಕೆ ಇದ್ದವು 12ರ ಬದಲು 3 ಮಾತ್ರ ಸಿಕ್ಕಿದ್ದರೆ ನೋಡಿ: ಅಂದಾಜು 746, ಆಚೀಚೆ 600ಕ್ಕೂ ಹೆಚ್ಚು. ಅಂಥ ಉತ್ತರದಿಂದ ಪ್ರಯೋಜನವೇ ಇಲ್ಲ. ಹರವನ್ನು ಕಿರಿದು ಮಾಡುವುದು ಮತ್ತೆ ಸಿಕ್ಕ ಚುಕ್ಕೆಯವುಗಳ ಸಂಖ್ಯೆ. ಹಾಗಾಗಿ ಜಾಗ ಚಿಕ್ಕದಿರಲಿ, ಹುಡುಕಾಟ ಗಟ್ಟಿಯಾಗಿರಲಿ. ದೊಡ್ಡ ತೋಟವನ್ನು ಮೇಲುಮೇಲೆ ಹುಡುಕುವುದಕ್ಕಿಂತ ಚಿಕ್ಕ ತುಂಡನ್ನು ಚೆನ್ನಾಗಿ ಹುಡುಕುವುದು ಲೇಸು.

ಈ ಲೆಕ್ಕ ನಂಬುವ ಸಂಗತಿಗಳನ್ನೂ ತಿಳಿದಿರಬೇಕು. ಎರಡು ಹುಡುಕಾಟಗಳ ನಡುವೆ ಹುಳು ಹೊರಗಿನಿಂದ ಬಂದಿಲ್ಲ, ಹೋಗಿಲ್ಲ, ಸತ್ತಿಲ್ಲ. ಬಣ್ಣ ಉದುರಿಲ್ಲ. ಚುಕ್ಕೆ ಇರುವುದು, ಇಲ್ಲದಿರುವುದು ಎರಡೂ ಅಷ್ಟೇ ಸುಲಭವಾಗಿ ಸಿಗುತ್ತವೆ. ಕೊನೆಯದು ಬಹಳ ಸಲ ಕೈಕೊಡುತ್ತದೆ. ಹೊಳೆಯುವ ಕೆಂಪು ಚುಕ್ಕೆ ಟಾರ್ಚಿನ ಬೆಳಕಿಗೆ ಎದ್ದು ಕಂಡರೆ ಚುಕ್ಕೆಯವೇ ಜಾಸ್ತಿ ಸಿಗುತ್ತವೆ, ಅಂದಾಜು ಕುಸಿಯುತ್ತದೆ. ಕಂದು ಬಣ್ಣ ಆರಿಸಿ.

ಹುಲಿಯ ಲೆಕ್ಕವೂ ಇದೇ

ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿಗಳನ್ನು ಎಣಿಸಲು ಬಳಸಿದ್ದು ಇದೇ ತರ್ಕದ ಬೆಳೆದ ರೂಪ. ಹುಲಿಗೆ ಚುಕ್ಕೆ ಇಡಬೇಕಾಗಿಲ್ಲ, ಪಟ್ಟೆಗಳೇ ಗುರುತು. ಯಾವ ಎರಡು ಹುಲಿಗಳ ಪಟ್ಟೆಯೂ ಒಂದೇ ರೀತಿ ಇರುವುದಿಲ್ಲ. ಕಾಡಿನ ದಾರಿಯ ಎರಡೂ ಬದಿ ಎದುರುಬದುರಾಗಿ ಕ್ಯಾಮೆರಾ ಇಡುತ್ತಾರೆ, ಯಾಕೆಂದರೆ ಒಂದೇ ಹುಲಿಯ ಎಡಬಲದ ಪಟ್ಟೆಗಳೂ ಬೇರೆ ಬೇರೆ. ಒಮ್ಮೆ ಫೋಟೊಗೆ ಬಿದ್ದ ಹುಲಿ ಮತ್ತೆ ಎಷ್ಟು ಸಲ ಬಿತ್ತು ಎಂಬುದರಿಂದ ಒಮ್ಮೆಯೂ ಬೀಳದ ಹುಲಿಗಳ ಅಂದಾಜು ಸಿಗುತ್ತದೆ. ಅವರ ಈ ಕೆಲಸ 1995ರಲ್ಲಿ ಪ್ರಕಟವಾಯಿತು.

ಆಗ ದೇಶದಲ್ಲಿ ಅಧಿಕೃತವಾಗಿ ನಡೆಯುತ್ತಿದ್ದದ್ದು ಹೆಜ್ಜೆ ಗುರುತಿನ ಗಣತಿ. ಕಾಡಿನ ಎಲ್ಲ ಹುಲಿಗಳ ಹೆಜ್ಜೆಯೂ ಸಿಗುತ್ತದೆ, ನೋಡಿದರೆ ಯಾವ ಹುಲಿ ಎಂದು ಹೇಳಬಹುದು ಎಂಬ ನಂಬಿಕೆ ಅದರ ಹಿಂದಿತ್ತು. ತಪ್ಪಿಸಿಕೊಂಡವು ಎಷ್ಟು ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇರಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಎಂದು 2005ರ ಹೊತ್ತಿಗೆ ಬಯಲಾದ ಮೇಲೆ ಹಳೆಯ ವಿಧಾನ ಬಿಟ್ಟು 2006ರ ಗಣತಿಯಿಂದ ಹೊಸ ದಾರಿ ಹಿಡಿದರು. 2022ರ ಗಣತಿಯ ಅಂದಾಜು 3,682 ಹುಲಿ, ಹರವು 3,167ರಿಂದ 3,925. ಕರ್ನಾಟಕದ ಪಾಲು 563. ಸುದ್ದಿಯಲ್ಲಿ ಒಂದೇ ಸಂಖ್ಯೆ ಬರುತ್ತದೆ. ಮುಂದಿನ ಸಲ ಓದುವಾಗ ಹರವನ್ನು ಹುಡುಕಿ. ಎರಡು ಗಣತಿಗಳ ಹರವು ಒಂದರ ಮೇಲೊಂದು ಬಿದ್ದಿದ್ದರೆ "ಹೆಚ್ಚಾಯಿತು", "ಕಡಿಮೆಯಾಯಿತು" ಎಂದು ಅವಸರದಲ್ಲಿ ಹೇಳುವಂತಿಲ್ಲ.

ಗಿಡಗಳಿಗೆ ಚೌಕಟ್ಟು

ಗಿಡ ಓಡುವುದಿಲ್ಲ, ಆದರೆ ಎಲ್ಲವನ್ನೂ ಎಣಿಸಲು ಪುರುಸೊತ್ತು ಎಲ್ಲಿದೆ? ನೀಲಗಿರಿ ತಪ್ಪಲಿನ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರ್ ಕಾಡಿನಲ್ಲಿ ಒಂದು ಸೆಂಟಿಮೀಟರ್‌ಗಿಂತ ದಪ್ಪದ ಪ್ರತಿ ಕಾಂಡವನ್ನೂ ಗುರುತಿಸಿ ಅಳೆಯುತ್ತಾ ಬಂದಿದ್ದಾರೆ. ಅದಕ್ಕೆ ದೊಡ್ಡ ತಂಡ ಬೇಕು. ನಮಗೆ ನಾಲ್ಕು ಕೋಲು ಸಾಕು.

ಕಾಂಗ್ರೆಸ್ ಗಿಡ ತುಂಬಿದ ಸುಮಾರು 10 ಗುಂಟೆ ಬಯಲು ಇದೆ ಎಂದುಕೊಳ್ಳಿ, 40 ಮೀಟರ್ ಉದ್ದ, 25 ಮೀಟರ್ ಅಗಲ. ಒಂದು ಮೀಟರ್ ಉದ್ದದ ನಾಲ್ಕು ಕೋಲು ಕಟ್ಟಿ ಚೌಕಟ್ಟು ಮಾಡಿ. ಎಲ್ಲಿ ಇಡಬೇಕು ಎನ್ನುವುದನ್ನು ನೀವು ಆರಿಸಬಾರದು. ಮನಸ್ಸು ಗಿಡ ಇರುವ ಕಡೆಗೇ ಹೋಗುತ್ತದೆ, ಇಲ್ಲವೇ ನಡೆಯಲು ಸುಲಭವಾದ ಕಡೆಗೆ. ಚೀಟಿ ಎತ್ತಿ. ಉದ್ದಕ್ಕೆ 1ರಿಂದ 40, ಅಗಲಕ್ಕೆ 1ರಿಂದ 25. ಬಂದ ಜಾಗದಲ್ಲಿ ಚೌಕಟ್ಟು ಇಟ್ಟು ಬೇರು ಒಳಗಿರುವ ಗಿಡಗಳನ್ನು ಎಣಿಸಿ. ಗೆರೆಯ ಮೇಲಿರುವವನ್ನು ಎಡ ಮತ್ತು ಕೆಳ ಬದಿಯಲ್ಲಿ ಸೇರಿಸಿ, ಬಲ ಮತ್ತು ಮೇಲಿನ ಬದಿಯಲ್ಲಿ ಬಿಡಿ. ಈ ಗಿಡದಿಂದ ಹಲವರಿಗೆ ಚರ್ಮದ ಅಲರ್ಜಿ ಬರುತ್ತದೆ, ಹಾಗಾಗಿ ಇಲ್ಲೂ ಕೈಗವಸು ಬೇಕು.

ಹತ್ತು ಚೌಕಟ್ಟಿನ ಎಣಿಕೆ 0, 0, 14, 3, 0, 22, 1, 0, 9, 1 ಎಂದಿರಲಿ. ಒಟ್ಟು 50, ಸರಾಸರಿ 5. ಬಯಲು 1,000 ಚದರ ಮೀಟರ್, ಹಾಗಾಗಿ ಅಂದಾಜು 5,000 ಗಿಡ. ಆದರೆ ಸರಾಸರಿ 5 ಇದ್ದರೂ 5 ಗಿಡ ಇರುವ ಚೌಕಟ್ಟು ಒಂದೂ ಇಲ್ಲ, ಗಮನಿಸಿ. ಪ್ರತಿ ಎಣಿಕೆಯಿಂದ 5 ಕಳೆದು, ಬಂದದ್ದರ ವರ್ಗ ಮಾಡಿ, ಎಲ್ಲ ಕೂಡಿಸಿದರೆ 522. ಅದನ್ನು 9ರಿಂದ (ಚೌಕಟ್ಟುಗಳಿಗಿಂತ ಒಂದು ಕಡಿಮೆ) ಭಾಗಿಸಿದರೆ 58. ಇದು ಎಣಿಕೆಗಳ ಚದುರುವಿಕೆಯ ಅಳತೆ. 58ನ್ನು ಸರಾಸರಿ 5ರಿಂದ ಭಾಗಿಸಿ: 11.6.

ಗಿಡಗಳು ಯಾವ ನಿಯಮವೂ ಇಲ್ಲದೆ ಎಲ್ಲೆಂದರಲ್ಲಿ ಹುಟ್ಟಿದ್ದರೆ ಈ ಭಾಗಲಬ್ಧ 1ರ ಹತ್ತಿರ ಇರುತ್ತಿತ್ತು. ಅಡಿಕೆ ಸಸಿಯಂತೆ ಸಮ ಅಂತರದಲ್ಲಿದ್ದರೆ 1ಕ್ಕಿಂತ ಕಡಿಮೆ. 11.6 ಎಂದರೆ ಬಲವಾದ ಗುಂಪುಗೂಡುವಿಕೆ. ಬೀಜ ತಾಯಿ ಗಿಡದ ಸುತ್ತ ಬಿದ್ದಿರಬಹುದು, ಮಣ್ಣು ತೋಡಿದ ಜಾಗಗಳಲ್ಲಿ ಮಾತ್ರ ಮೊಳೆತಿರಬಹುದು, ನೀರು ಹರಿದ ದಾರಿ ಹಿಡಿದಿರಬಹುದು. ಯಾವುದು ಎಂದು ನೋಡಲು ಮತ್ತೆ ಬಯಲಿಗೆ ಹೋಗಬೇಕು. ಇಷ್ಟು ಗುಂಪುಗೂಡಿದಾಗ ಹತ್ತು ಚೌಕಟ್ಟು ಸಾಲದು ಎನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ತಪ್ಪಿನ ಹರವನ್ನು ಅರ್ಧ ಮಾಡಬೇಕಾದರೆ ಸುಮಾರು ನಾಲ್ಕರಷ್ಟು, ಅಂದರೆ 40 ಚೌಕಟ್ಟು ಬೇಕು.

ನಡವಳಿಕೆಯನ್ನು ಸಂಖ್ಯೆ ಮಾಡುವುದು

ಪ್ರಾಣಿಯ ನಡವಳಿಕೆ ನೋಡುವಾಗ ಕಣ್ಣು ಗಲಾಟೆಯ ಕಡೆಗೆ ಓಡುತ್ತದೆ. ಎರಡು ಕೋತಿ ಜಗಳವಾಡಿದ್ದು ನೆನಪಿರುತ್ತದೆ, ಇಪ್ಪತ್ತು ಕೋತಿ ಸುಮ್ಮನೆ ಕೂತದ್ದು ನೆನಪಿರುವುದಿಲ್ಲ. ಕೀನ್ಯಾದ ಅಂಬೋಸೆಲಿಯಲ್ಲಿ ಬಬೂನ್ ಕೋತಿಗಳನ್ನು ಅಧ್ಯಯನ ಮಾಡಿದ ಜೀನ್ ಆಲ್ಟ್‌ಮನ್ 1974ರಲ್ಲಿ ಇದಕ್ಕೆ ಪರಿಹಾರಗಳನ್ನು ಕ್ರಮವಾಗಿ ಬರೆದಿಟ್ಟರು. ಇಂದಿಗೂ ಎಲ್ಲರೂ ಬಳಸುವುದು ಅವನ್ನೇ. ಎರಡು ಸಾಕು ನಮಗೆ. ಒಂದು, ಒಂದು ಪ್ರಾಣಿಯನ್ನು ಆರಿಸಿ ನಿಗದಿತ ಹೊತ್ತು ಅದನ್ನೇ ನೋಡುವುದು, ಬೇರೆಲ್ಲಿ ಏನೇ ನಡೆದರೂ ತಿರುಗದಿರುವುದು. ಇನ್ನೊಂದು, ಐದು ನಿಮಿಷಕ್ಕೊಮ್ಮೆ ಇಡೀ ಗುಂಪಿನ ಮೇಲೆ ಕಣ್ಣು ಹಾಯಿಸಿ ಆ ಕ್ಷಣದಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಬರೆಯುವುದು.

ಇದರ ಶಕ್ತಿ ನೋಡಬೇಕೆಂದರೆ ಬೆಂಗಳೂರಿನ ಕಣಜಗಳ ಕತೆ ಕೇಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಕಾಗದದಂಥ ಗೂಡು ಕಟ್ಟುವ ಕಣಜಗಳ ಮೈಮೇಲೆ ಬಣ್ಣದ ಚುಕ್ಕೆ ಇಟ್ಟು, ಪ್ರತಿಯೊಂದೂ ಯಾವ ಕೆಲಸಕ್ಕೆ ಎಷ್ಟು ಹೊತ್ತು ಕಳೆಯುತ್ತದೆ ಎಂದು ದಾಖಲಿಸಿದರು. ನೋಡಲು ಎಲ್ಲವೂ ಒಂದೇ ರೀತಿಯ ಕಣಜಗಳು, ರಾಣಿಯೂ ಸೇರಿ. ಆದರೆ ಅವರು ಮತ್ತು ಎನ್.ವಿ. ಜೋಶಿ ಆ ಸಮಯದ ಲೆಕ್ಕವನ್ನು ಗಣಿತದಿಂದ ಗುಂಪು ಮಾಡಿದಾಗ ಮೂರು ಪಂಗಡ ಬಿಡಿಯಾಗಿ ನಿಂತವು: ಕೂರುವವು, ಜಗಳವಾಡುವವು, ಆಹಾರ ತರುವವು. ರಾಣಿ ಇದ್ದದ್ದು ಕೂರುವವರ ಪಂಗಡದಲ್ಲಿ. ಆಳುವವಳು ಜಗಳಗಂಟಿಯೇ ಇರಬೇಕು ಎಂದುಕೊಂಡವರಿಗೆ ಅದು ದೊಡ್ಡ ಅಚ್ಚರಿ. 1983ರಲ್ಲಿ ಇದು ಪ್ರಕಟವಾಯಿತು. ಬರೀ ಕಣ್ಣಳತೆಯಲ್ಲಿ ನೋಡಿದ್ದರೆ ಈ ಪಂಗಡಗಳು ಸಿಗುತ್ತಿದ್ದವು ಎಂದು ನನಗನ್ನಿಸುವುದಿಲ್ಲ.

ನೀವು ಬೆಳ್ಳಕ್ಕಿಯಿಂದ ಶುರು ಮಾಡಿ. ಗದ್ದೆಯಲ್ಲಿ ಹಸು ಮೇಯುತ್ತಾ ನಡೆದರೆ ಹುಲ್ಲಿನ ಹುಳ ಏಳುತ್ತವೆ, ಬೆಳ್ಳಕ್ಕಿ ಹಿಡಿಯುತ್ತದೆ. ಹಸುವಿನ ಪಕ್ಕದ ಒಂದು ಹಕ್ಕಿಯನ್ನು ಒಂದು ನಿಮಿಷ ನೋಡಿ, ನುಂಗಿದ್ದು ಎಷ್ಟು ಸಲ ಎಂದು ಬರೆಯಿರಿ. ಆಮೇಲೆ ದೂರದಲ್ಲಿ ಒಂಟಿಯಾಗಿರುವ ಹಕ್ಕಿ. ಹೀಗೆ ಆರು, ಆರು. ಒಂದೇ ಹಕ್ಕಿಯನ್ನು ಆರು ಸಲ ನೋಡಿದರೆ ಅದು ಆರು ಹಕ್ಕಿಯ ಮಾಹಿತಿ ಆಗುವುದಿಲ್ಲ. ಬೇರೆ ಬೇರೆ ಹಕ್ಕಿ, ಸಾಧ್ಯವಾದರೆ ಬೇರೆ ಬೇರೆ ಗದ್ದೆ ಇರಲಿ.

ಹಸುವಿನ ಪಕ್ಕ: 3, 2, 4, 3, 5, 3. ಒಟ್ಟು 20.
ಒಂಟಿ: 1, 2, 2, 1, 3, 1. ಒಟ್ಟು 10.

ಎರಡರಷ್ಟು! ಆದರೆ ಹನ್ನೆರಡೇ ಹಕ್ಕಿ. ಇದು ಸುಮ್ನೆ ಹಾಗೆ ಬಂದಿರಬಹುದಲ್ವಾ? ಪರೀಕ್ಷಿಸಲು ಹನ್ನೆರಡು ಚೀಟಿಯ ಮೇಲೆ ಈ ಹನ್ನೆರಡು ಸಂಖ್ಯೆ ಬರೆಯಿರಿ. ಕಲಸಿ, ಕಣ್ಣುಮುಚ್ಚಿ ಆರು ಎತ್ತಿ ಕೂಡಿಸಿ. 20 ಅಥವಾ ಹೆಚ್ಚು ಬಂತಾ? ಮತ್ತೆ ಕಲಸಿ ಎತ್ತಿ. ನೂರು ಸಲ ಮಾಡಿ. ಮಕ್ಕಳು ಹತ್ತು ಜನ ಇದ್ದರೆ ತಲಾ ಹತ್ತು ಸಲ. ಹಸುವಿನಿಂದ ಏನೂ ವ್ಯತ್ಯಾಸ ಆಗದ ಲೋಕದಲ್ಲಿ ಇಂಥ ಫಲಿತಾಂಶ ಎಷ್ಟು ಅಪರೂಪ ಎಂದು ಚೀಟಿಗಳೇ ಹೇಳುತ್ತವೆ.

ಪೂರ್ತಿ ಲೆಕ್ಕ ಬೇಕೆಂದರೆ: ಹನ್ನೆರಡರಲ್ಲಿ ಆರನ್ನು ಎತ್ತುವ ದಾರಿಗಳು 924. ಅದರಲ್ಲಿ ಮೊತ್ತ 21 ಬರುವುದು 1 ದಾರಿಯಲ್ಲಿ, 20 ಬರುವುದು 12 ದಾರಿಗಳಲ್ಲಿ. 924ಕ್ಕೆ 13, ನೂರಕ್ಕೆ ಸುಮಾರು 1.4. ಆಕಸ್ಮಿಕ ಎನ್ನಲು ಇದು ತೀರಾ ಅಪರೂಪ. ಹಸುವಿನ ಪಕ್ಕ ಇರುವುದಕ್ಕೂ ಹೆಚ್ಚು ಹುಳ ಸಿಗುವುದಕ್ಕೂ ನಂಟಿದೆ ಎಂದು ಹೇಳಬಹುದು. ಹಸುವೇ ಕಾರಣ ಎಂದು ಹೇಳಲು ಇನ್ನೂ ಒಂದು ಅನುಮಾನ ಕಳೆಯಬೇಕು: ಹಸು, ಹುಳ ಎರಡೂ ಹಸಿ ಹುಲ್ಲಿರುವ ಕಡೆಗೇ ಹೋಗಿರಬಹುದು. ಒಂಟಿ ಹಕ್ಕಿಗಳನ್ನೂ ಅದೇ ಥರದ ಹುಲ್ಲಿನಲ್ಲೇ ನೋಡಿದರೆ ಆ ಅನುಮಾನ ಹೋಗುತ್ತದೆ.

ವರ್ಷ ಒಂದು ವೃತ್ತ

ಇದು ಚಿಕ್ಕ ವಿಷಯ, ಆದರೆ ಬಹಳ ಜನ ಎಡವುವ ಜಾಗ. ನಾಲ್ಕು ಮಾವಿನ ಮರ ಡಿಸೆಂಬರ್ 10, ಡಿಸೆಂಬರ್ 25, ಜನವರಿ 5, ಜನವರಿ 20ಕ್ಕೆ ಹೂ ಬಿಟ್ಟವು. ವರ್ಷದ ದಿನಗಳಾಗಿ ಬರೆದರೆ 344, 359, 5, 20. ಸರಾಸರಿ 182, ಅಂದರೆ ಜುಲೈ 1! ಮಾವು ಜುಲೈನಲ್ಲಿ ಹೂ ಬಿಡುವುದಿಲ್ಲ. ತಪ್ಪು ಮರದ್ದಲ್ಲ, ವರ್ಷವನ್ನು ಜನವರಿ 1ಕ್ಕೆ ಕತ್ತರಿಸಿದ್ದು ತಪ್ಪು. ಜುಲೈ 1ನ್ನು ಮೊದಲ ದಿನ ಎಂದು ಎಣಿಸಿದರೆ 163, 178, 189, 204. ಸರಾಸರಿ 183.5, ಅಂದರೆ ಡಿಸೆಂಬರ್ 30ರ ಆಸುಪಾಸು. ಹೂ ಬಿಡದ ಕಾಲದಲ್ಲಿ ವರ್ಷವನ್ನು ಕತ್ತರಿಸಿ, ಅಷ್ಟೇ. ರಾತ್ರಿ ಓಡಾಡುವ ಪ್ರಾಣಿಗಳ ಸಮಯಕ್ಕೂ ಇದೇ ಮಾತು. ರಾತ್ರಿ 11 ಮತ್ತು 1 ಗಂಟೆಯ ಸರಾಸರಿ ಮಧ್ಯಾಹ್ನ 12 ಅಲ್ಲ.

ಮರಗಳ ಚಿಗುರು, ಹೂ, ಕಾಯಿಯನ್ನು ವಾರವಾರ ಬರೆಯುವ ಆಸೆ ಇದ್ದರೆ ಸೀಸನ್‌ವಾಚ್ ಎಂಬ ಯೋಜನೆಗೆ ಸೇರಿಕೊಳ್ಳಬಹುದು. ಹಕ್ಕಿಗಳಿಗೆ ಇ-ಬರ್ಡ್ ಎಂಬ ಜಾಲತಾಣ ಇದೆ. ಅಲ್ಲಿ ಒಂದು ಅಭ್ಯಾಸ ಕಲಿಯುತ್ತೀರಿ: ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ ಎಂದು ಬರೆಯುವುದು. ಅದಿಲ್ಲದೆ "15 ಮಿಂಚುಳ್ಳಿ" ಎನ್ನುವುದನ್ನು ಬೇರೆ ಯಾವುದರ ಜೊತೆಗೂ ಹೋಲಿಸಲು ಆಗುವುದಿಲ್ಲ. ಒಂದೂ ಕಾಣದ ದಿನ ಸೊನ್ನೆ ಬರೆಯಿರಿ. ಖಾಲಿ ಬಿಟ್ಟ ಜಾಗವೂ ಸೊನ್ನೆಯೂ ಒಂದೇ ಅಲ್ಲ. ಕಾಡಿನೊಳಗೆ ಏನೇ ಅಧ್ಯಯನ ಮಾಡಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಡುಪ್ರಾಣಿಗಳನ್ನು ಹಿಡಿಯುವುದು, ಗುರುತು ಹಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವಾಗಬಹುದು.

ಮುಂದೇನಾಗುತ್ತದೆ ಎಂಬ ಲೆಕ್ಕ

ಎಣಿಕೆ ಕೈಗೆ ಬಂದ ಮೇಲೆ ಮಾದರಿ, ಅಂದರೆ ಮುಂದೇನಾಗಬಹುದು ಎಂದು ಹೇಳುವ ಲೆಕ್ಕ, ಕಟ್ಟಬಹುದು. ಮತ್ತೆ ಬಸವನಹುಳುವಿಗೆ ಬರೋಣ. ಜೂನ್‌ನಲ್ಲಿ 229, ಏನೂ ಮಾಡದೆ ಬಿಟ್ಟಾಗ ಜುಲೈನಲ್ಲಿ ಸುಮಾರು 340 ಬಂದಿತು ಎಂದುಕೊಳ್ಳಿ. ತಿಂಗಳಿಗೆ ಒಂದೂವರೆ ಪಟ್ಟು. ಹರವು ದೊಡ್ಡದಿರುವುದರಿಂದ ಈ ಒಂದೂವರೆ ಕೂಡ ಒರಟು ಅಂದಾಜು, ಇನ್ನೊಂದೆರಡು ತಿಂಗಳು ಎಣಿಸಿದರೆ ಗಟ್ಟಿಯಾಗುತ್ತದೆ.

ಹಾಗಾದರೆ ತಿಂಗಳಿಗೆ ಎಷ್ಟು ಹೆಕ್ಕಿ ತೆಗೆದರೆ ಇವು ಕಡಿಮೆಯಾಗುತ್ತವೆ? ಉಳಿದವು ಒಂದೂವರೆ ಪಟ್ಟಾದಾಗ ಮೊದಲಿನಷ್ಟೇ ಆಗಬೇಕಾದರೆ ಮೂರರಲ್ಲಿ ಎರಡು ಭಾಗ ಉಳಿದಿರಬೇಕು. ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆದರೆ ಮಾತ್ರ ಇಳಿಕೆ. ಐದನೇ ಒಂದು ಭಾಗ, ಸುಮಾರು 45 ಹುಳು ತೆಗೆದರೆ ಮುಂದಿನ ತಿಂಗಳು 276 ಇರುತ್ತವೆ. ಬಕೆಟ್ ತುಂಬಾ ಹೆಕ್ಕಿದ ತೃಪ್ತಿ ಇರುತ್ತದೆ, ತೋಟದಲ್ಲಿ ಹುಳು ಹೆಚ್ಚಾಗಿರುತ್ತವೆ.

ಗುಣಕ (ಮೇಲಿನ ಒಂದೂವರೆಯಂಥದ್ದು) ಬಹಳ ದೊಡ್ಡದಾಗಿ, ಜಾಗ ಮತ್ತು ಮೇವಿನ ಮಿತಿಯೂ ಇದ್ದಾಗ ಸಂಖ್ಯೆ ಒಂದು ವರ್ಷ ಏರಿ ಮರುವರ್ಷ ಕುಸಿದು ಅಡ್ಡಾದಿಡ್ಡಿ ಕುಣಿಯಬಹುದು. ಇದನ್ನು ವಿಜ್ಞಾನಿ ರಾಬರ್ಟ್ ಮೇ 1976ರಲ್ಲಿ ಒಂದೇ ಸಾಲಿನ ಸಮೀಕರಣದಿಂದ ತೋರಿಸಿದರು. ಹಾಗಾಗಿ ಪ್ರತಿ ಏರಿಳಿತಕ್ಕೂ ಮಳೆಯನ್ನೋ ಔಷಧಿಯನ್ನೋ ಕಾರಣ ಮಾಡುವ ಮೊದಲು ಕೆಲವು ವರ್ಷದ ಎಣಿಕೆ ಕೈಯಲ್ಲಿರಬೇಕು.

ನಮ್ಮ ತೋಟಕ್ಕೆ ಬೇಕಾದದ್ದು ಇನ್ನೊಂದೇ ಹೆಜ್ಜೆ. ಎರಡನೇ ಸಲದ ಹುಡುಕಾಟದಲ್ಲಿ 229ರಲ್ಲಿ 60 ಸಿಕ್ಕಿದ್ದವು, ನೂರಕ್ಕೆ 26. ಬೇಕಾದದ್ದು 33ಕ್ಕಿಂತ ಹೆಚ್ಚು. ತಿಂಗಳಿಗೆ ಒಂದೇ ರಾತ್ರಿ, ಒಂದೇ ಗಂಟೆ ಹೆಕ್ಕುವವರಿಗೆ ಯಾಕೆ ಎಷ್ಟು ಹೆಕ್ಕಿದರೂ ಮುಗಿಯುವುದಿಲ್ಲ ಎಂದು ಇದು ಹೇಳುತ್ತದೆ. ಎರಡು ರಾತ್ರಿ ಹೆಕ್ಕಿದರೆ ಮೊದಲು 60, ಉಳಿದ 169ರಲ್ಲಿ ಮತ್ತೆ ನೂರಕ್ಕೆ 26ರಂತೆ 44, ಒಟ್ಟು 104. ಉಳಿಯುವುದು 125, ತಿಂಗಳ ಕೊನೆಗೆ ಸುಮಾರು 188. ಮಳೆಗಾಲ ಮುಗಿಯುವವರೆಗೆ ತಿಂಗಳಿಗೆ ಎರಡು ರಾತ್ರಿ ಬಿಡದೆ ಹೆಕ್ಕಿ, ನಡುವೆ ಒಮ್ಮೆ ಚುಕ್ಕೆ ಹಾಕಿ ಮತ್ತೆ ಎಣಿಸಿ. ಒಂದು ತಿಂಗಳ ನಂತರದ ಅಂದಾಜು 188ರ ಆಸುಪಾಸು ಬಂದರೆ ಮಾದರಿ ಸರಿ ಇದೆ. 300ರ ಮೇಲೆ ಬಂದರೆ ಹುಳು ಪಕ್ಕದ ತೋಟದಿಂದ ಬರುತ್ತಿರಬಹುದು. ಆಗ ಬೇಲಿಯ ಎರಡೂ ಕಡೆಯವರು ಒಂದೇ ರಾತ್ರಿ ಟಾರ್ಚ್ ಹಿಡಿದು ಇಳಿಯಬೇಕು.